ಮೈಸೂರಿನಿಂದ ಜರ್ಮನಿಗೆ: ಒಂದು ಕುಟುಂಬದ ವಲಸೆ ಮತ್ತು ಊರಲ್ಲೇ ಉಳಿದ ಕೆಲಸಗಳು

ಈ ಪ್ರಕರಣದ ಕುಟುಂಬ ಮೈಸೂರಿನ ವಿಜಯನಗರದ್ದು. ಪತಿ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಎಲೆಕ್ಟ್ರಾನಿಕ್ ಭಾಗಗಳ ವಿನ್ಯಾಸ ಮಾಡುತ್ತಿದ್ದ ಎಂಜಿನಿಯರ್. ಪತ್ನಿ ಖಾಸಗಿ ಪ್ರೌಢಶಾಲೆಯೊಂದರ ಗಣಿತ ಶಿಕ್ಷಕಿ. ಮಗಳಿಗೆ ಆಗ ಎಂಟು ವರ್ಷ. ಪತಿಯ ತಾಯಿ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಹಳ್ಳಿಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಜಮೀನನ್ನು ಗುತ್ತಿಗೆಗೆ ಕೊಟ್ಟು, ಹಳೆಯ ತೊಟ್ಟಿಮನೆಯಲ್ಲಿ ಒಬ್ಬರೇ ಇದ್ದರು. 2024ರ ಏಪ್ರಿಲ್‌ನಲ್ಲಿ ಪತಿಗೆ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಸಣ್ಣ ಪಟ್ಟಣವೊಂದರಲ್ಲಿ ಕೆಲಸ ಸಿಕ್ಕಿತು. ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬಿಟ್ಟು, ಅವರ ವಲಸೆಯ ಮೊದಲ ವರ್ಷದಲ್ಲಿ ಎದುರಾದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ನಾನು ಬ್ಯಾಂಕಿನಲ್ಲಿ ಅನಿವಾಸಿ ಭಾರತೀಯರ ಖಾತೆಗಳನ್ನು ನೋಡಿಕೊಂಡು ನಿವೃತ್ತನಾದವನು. ಇವರು ನನ್ನ ಬಳಿಗೆ ಬಂದದ್ದು, ಮನೆಯನ್ನು ಮಾರುವುದೋ ಬಾಡಿಗೆಗೆ ಕೊಡುವುದೋ ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು. ಜೊತೆಯಲ್ಲಿ ಒಂದು ಪಟ್ಟಿ ಇತ್ತು. ವೀಸಾ, ಟಿಕೆಟ್, ಚಳಿಗಾಲದ ಬಟ್ಟೆ, ಪ್ರೆಷರ್ ಕುಕ್ಕರ್, ಮಗಳ ಶಾಲೆಯ ವರ್ಗಾವಣೆ ಪತ್ರ, ಹೀಗೆ ಎರಡು ಪುಟ. ಆ ಪಟ್ಟಿಯಲ್ಲಿ ಇದ್ದದ್ದೆಲ್ಲವೂ ಹೊರಡುವ ವಸ್ತುಗಳು ಮತ್ತು ಹೊರಡುವ ಮನುಷ್ಯರಿಗೆ ಸಂಬಂಧಿಸಿದ್ದು. ಇಲ್ಲೇ ಉಳಿಯುವ ಫೋನ್ ಸಂಖ್ಯೆ, ಬ್ಯಾಂಕ್ ಖಾತೆ, ಮನೆ, ಜಮೀನು, ತಾಯಿ, ಇವುಗಳಲ್ಲಿ ಒಂದೂ ಅದರಲ್ಲಿ ಇರಲಿಲ್ಲ. ಮುಂದಿನ ಒಂದು ವರ್ಷದಲ್ಲಿ ಇವರಿಗೆ ಹೆಚ್ಚು ಹಣ, ಹೆಚ್ಚು ನಿದ್ದೆ ಮತ್ತು ಹೆಚ್ಚು ಫೋನ್ ಕರೆಗಳನ್ನು ಖರ್ಚು ಮಾಡಿಸಿದ್ದು ಪಟ್ಟಿಯಲ್ಲಿ ಇಲ್ಲದ ಈ ಎರಡನೆಯ ಭಾಗವೇ.

ಹೊರಡುವ ದಿನ

ಕುಟುಂಬದ ಮೊದಲ ಆಲೋಚನೆ ದಸರಾ ಮುಗಿಸಿಕೊಂಡು ಎಲ್ಲರೂ ಒಟ್ಟಿಗೆ ಹೊರಡುವುದಾಗಿತ್ತು. ಮೈಸೂರಿನವರಿಗೆ ಇದು ಸಹಜವಾದ ಗಡುವು. ಹಬ್ಬಕ್ಕೆ ಮನೆತುಂಬ ನೆಂಟರಿರುತ್ತಾರೆ, ಬೊಂಬೆ ಕೂರಿಸಿರುತ್ತಾರೆ, ಆಮೇಲೆ ಹೊರಟರೆ ಯಾರೂ ಏನೂ ಅನ್ನುವುದಿಲ್ಲ. ಆದರೆ 2024ರಲ್ಲಿ ವಿಜಯದಶಮಿ ಬಿದ್ದದ್ದು ಅಕ್ಟೋಬರ್ 12ಕ್ಕೆ. ಉದ್ಯೋಗಕ್ಕಾಗಿ ದೇಶ ಬಿಡುವ ಭಾರತೀಯ ಪ್ರಜೆ ಆ ಹಣಕಾಸು ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಭಾರತದಲ್ಲಿ ಇದ್ದರೆ, ಆ ವರ್ಷದ ಮಟ್ಟಿಗೆ ಆದಾಯ ತೆರಿಗೆ ಕಾನೂನಿನ ಕಣ್ಣಿನಲ್ಲಿ ನಿವಾಸಿಯೇ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ ಕೊನೆಯ ವಾರದಲ್ಲೇ ಆ ಗಡಿ ಬರುತ್ತದೆ. ದಸರಾ ಮುಗಿಸಿ ಹೊರಟಿದ್ದರೆ ಜರ್ಮನಿಯಲ್ಲಿ ಮಾರ್ಚ್‌ವರೆಗೆ ಪಡೆಯುವ ಸಂಬಳವನ್ನೂ ಅಲ್ಲಿನ ಬ್ಯಾಂಕ್ ಖಾತೆಯನ್ನೂ ಇಲ್ಲಿನ ತೆರಿಗೆ ವಿವರಣೆಯಲ್ಲಿ (ರಿಟರ್ನ್) ತೋರಿಸಬೇಕಾಗುತ್ತಿತ್ತು. ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದ ಇರುವುದರಿಂದ ಒಂದೇ ಆದಾಯಕ್ಕೆ ಎರಡು ಕಡೆ ಪೂರ್ತಿ ತೆರಿಗೆ ಬೀಳುತ್ತಿರಲಿಲ್ಲ, ನಿಜ. ಆದರೂ ಹೊಸ ಊರಿನಲ್ಲಿ ಕಾಲೂರುತ್ತಿರುವ ಮನುಷ್ಯನಿಗೆ ಆ ಲೆಕ್ಕಪತ್ರದ ಹೊರೆ ಬೇಕಾಗಿರಲಿಲ್ಲ.

ಇದರ ಜೊತೆಗೆ ಮನೆಯ ಪ್ರಶ್ನೆ ಇತ್ತು. ಜರ್ಮನಿಯಲ್ಲಿ ಬಾಡಿಗೆ ಮನೆಯನ್ನು ಇಲ್ಲಿಂದ ಕೂತು ಹಿಡಿಯುವುದು ಕಷ್ಟ, ಹಿಡಿದರೂ ಮೋಸ ಹೋಗುವ ಸಾಧ್ಯತೆ ಹೆಚ್ಚು. ಹಾಗಾಗಿ ಪತಿ ಆಗಸ್ಟ್ ಮೂರನೆಯ ವಾರದಲ್ಲಿ ಒಬ್ಬರೇ ಹೋಗುವುದು, ಪತ್ನಿ ಮತ್ತು ಮಗಳು ದೀಪಾವಳಿ ಮುಗಿಸಿ ನವೆಂಬರ್‌ನಲ್ಲಿ ಸೇರಿಕೊಳ್ಳುವುದು ಎಂದು ತೀರ್ಮಾನವಾಯಿತು. ಇದರಿಂದ ನಷ್ಟವೂ ಇತ್ತು. ಆ ರಾಜ್ಯದಲ್ಲಿ ಶಾಲೆಗಳು ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಶುರುವಾಗುತ್ತವೆ. ಮಗಳು ಎರಡು ತಿಂಗಳು ತಡವಾಗಿ ತರಗತಿಗೆ ಸೇರಬೇಕಾಯಿತು. ಪತ್ನಿ ಭಾರತದಲ್ಲೇ ಇದ್ದಷ್ಟು ಕಾಲ ಪತಿಯ ಸಂಬಳದಲ್ಲಿ ತೆರಿಗೆ ಕಡಿತವಾದದ್ದು ಒಂಟಿ ವ್ಯಕ್ತಿಯ ವರ್ಗದಲ್ಲಿ, ಅಂದರೆ ಹೆಚ್ಚಿನ ದರದಲ್ಲಿ. ಆದರೆ ಪತ್ನಿ ಡಿಸೆಂಬರ್ 31ರ ಒಳಗೆ ಅಲ್ಲಿ ನೋಂದಣಿಯಾದ ಕಾರಣ, ಆ ಇಡೀ ವರ್ಷಕ್ಕೆ ದಂಪತಿ ಎಂದು ಒಟ್ಟಾಗಿ ತೆರಿಗೆ ವಿವರಣೆ ಸಲ್ಲಿಸುವ ಹಕ್ಕು ಸಿಕ್ಕಿತು. ಸಂಕ್ರಾಂತಿ ಮುಗಿಸಿ ಬರುತ್ತೇವೆ ಎಂದಿದ್ದರೆ ಅದು ಕೈತಪ್ಪುತ್ತಿತ್ತು.

ಈ ಮೂರು ತಿಂಗಳ ಅಂತರವೇ ಒಟ್ಟು ಪ್ರಕರಣದಲ್ಲಿ ಅತ್ಯಂತ ಉಪಯುಕ್ತವಾದ ತೀರ್ಮಾನ ಎಂಬುದು ನನ್ನ ಅಭಿಪ್ರಾಯ. ಒಬ್ಬರು ಅಲ್ಲಿ, ಒಬ್ಬರು ಇಲ್ಲಿ ಇದ್ದುದರಿಂದ ಅಲ್ಲಿ ಬೇಕಾದ ಕಾಗದವನ್ನು ಇಲ್ಲಿ ಹುಡುಕಲು, ಇಲ್ಲಿ ಬೇಕಾದ ಸಹಿಯನ್ನು ಅಲ್ಲಿಂದ ತರಿಸಲು ಅವಕಾಶವಾಯಿತು. ಬೇಗ ಹೊರಡುವುದಕ್ಕೆ ತೆರಿಗೆ ಕಾರಣವಾಯಿತು, ಬೇರೆಬೇರೆಯಾಗಿ ಹೊರಡುವುದಕ್ಕೆ ಮನೆ ಕಾರಣವಾಯಿತು. ಉಳಿದ ಪ್ರಯೋಜನಗಳನ್ನು ಯಾರೂ ಮೊದಲೇ ಊಹಿಸಿರಲಿಲ್ಲ.

ಹೆಸರು

ಹಳೇ ಮೈಸೂರು ಸೀಮೆಯಲ್ಲಿ ನಮ್ಮ ಬಹುಪಾಲು ಜನರಿಗೆ ಮನೆತನದ ಹೆಸರು ಎಂಬುದು ಇಲ್ಲ. ಊರಿನ ಒಂದು ಅಕ್ಷರ, ತಂದೆಯ ಹೆಸರಿನ ಒಂದು ಅಕ್ಷರ, ಆಮೇಲೆ ಸ್ವಂತ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಎಂಜಿನಿಯರಿಂಗ್ ಪದವಿಯವರೆಗೆ ಪತಿಯ ಹೆಸರು ಇದ್ದದ್ದು ಹೀಗೆಯೇ. ಪಾಸ್‌ಪೋರ್ಟ್‌ನಲ್ಲಿ ಮೊದಲಕ್ಷರಗಳನ್ನು ಬಿಡಿಸಿ ಬರೆಯಬೇಕಾದ್ದರಿಂದ ಊರು, ತಂದೆ, ತಾನು ಮೂರೂ ಸೇರಿ ಒಂದೇ ಕೊಟ್ಟಹೆಸರಾಗಿ (ಗಿವನ್ ನೇಮ್), ಕುಲನಾಮದ (ಸರ್‌ನೇಮ್) ಜಾಗ ಖಾಲಿ ಉಳಿದಿತ್ತು. ಪತ್ನಿಯ ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗದಲ್ಲಿ ಆಕೆಯ ತಂದೆಯ ಹೆಸರು. ಮಗಳದರಲ್ಲಿ ಪತಿಯ ಸ್ವಂತ ಹೆಸರು.

ಖಾಲಿ ಜಾಗವಿರುವ ಪಾಸ್‌ಪೋರ್ಟ್‌ನಿಂದ ಪ್ರಯಾಣ ಅಸಾಧ್ಯವೇನಲ್ಲ, ಆದರೆ ತೊಡಕು ನಿಶ್ಚಿತ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವ ಪ್ರವಾಸಿಗಳನ್ನು ಬಿಟ್ಟುಕೊಳ್ಳುವುದಿಲ್ಲ ಎಂದಾಗ ನಮ್ಮ ಕಡೆಯ ಎಷ್ಟೋ ಜನ ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಳ್ಳುವ ಸ್ಥಿತಿ ಬಂದಿತ್ತು. ಆಮೇಲೆ ಅವರು ನಿಯಮವನ್ನು ಸಡಿಲಿಸಿದರು. ಈ ಪ್ರಕರಣದಲ್ಲಿ ಪತಿ ವೀಸಾ ಅರ್ಜಿಗೆ ಮೊದಲೇ ಪಾಸ್‌ಪೋರ್ಟನ್ನು ಮರುವಿತರಣೆಗೆ ಹಾಕಿ, ತಂದೆಯ ಹೆಸರನ್ನು ಕುಲನಾಮವಾಗಿ ಬೇರ್ಪಡಿಸಿಕೊಂಡರು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ನಡೆಸುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲಿಗೆ ಶುರುವಾದ ಊರುಗಳಲ್ಲಿ ಮೈಸೂರೂ ಒಂದಾದ್ದರಿಂದ, ಇದಕ್ಕಾಗಿ ಬೆಂಗಳೂರಿಗೆ ಓಡಾಡುವ ಕಷ್ಟ ಇರಲಿಲ್ಲ. ಕಷ್ಟವಾದದ್ದು ಉಳಿದ ದಾಖಲೆಗಳನ್ನು ಹೊಸ ಹೆಸರಿಗೆ ಹೊಂದಿಸುವುದು. ಆಧಾರ್, ಪ್ಯಾನ್, ಬ್ಯಾಂಕ್, ಭವಿಷ್ಯ ನಿಧಿ, ಒಂದೊಂದರಲ್ಲೂ ಒಂದೊಂದು ರೀತಿ ಇದ್ದ ಹೆಸರನ್ನು ಸರಿಪಡಿಸಲು ಜೂನ್ ತಿಂಗಳು ಪೂರ್ತಿ ಹೋಯಿತು. ಈ ಕೆಲಸವನ್ನು ಊರಲ್ಲಿ ಇದ್ದಾಗಲೇ ಮುಗಿಸಬೇಕು. ಬೆರಳಚ್ಚು ಕೇಳುವ ಕಡೆ ವಿದೇಶದಿಂದ ಏನೂ ಮಾಡಲು ಬರುವುದಿಲ್ಲ.

ಹೆಸರಿನ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಜರ್ಮನಿಯಲ್ಲಿ ಮನೆಗೆ ಬಾಗಿಲ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ. ಕಟ್ಟಡಕ್ಕೆ ಒಂದು ಸಂಖ್ಯೆ, ಒಳಗಿನ ಮನೆಗಳಿಗೆ ಅಂಚೆಪೆಟ್ಟಿಗೆ ಮತ್ತು ಕರೆಗಂಟೆಯ ಮೇಲಿನ ಹೆಸರೇ ಗುರುತು. ಅಂಚೆಯವರು ಪೆಟ್ಟಿಗೆಯ ಮೇಲೆ ಇರುವ ಹೆಸರಿಗೆ ಮಾತ್ರ ಕಾಗದ ಹಾಕುತ್ತಾರೆ. ಅಲ್ಲಿ ತೆರಿಗೆಯ ಗುರುತು ಸಂಖ್ಯೆ, ಆರೋಗ್ಯ ವಿಮೆಯ ಕಾರ್ಡು, ಬ್ಯಾಂಕಿನ ಗುಪ್ತ ಸಂಖ್ಯೆ ಎಲ್ಲವೂ ಬರುವುದು ಅಂಚೆಯಲ್ಲೇ. ಪೆಟ್ಟಿಗೆಯ ಮೇಲೆ ಪತಿಯ ಕುಲನಾಮ ಒಂದೇ ಇತ್ತು. ಪತ್ನಿ ಮತ್ತು ಮಗಳ ಕುಲನಾಮ ಬೇರೆಬೇರೆಯಾದ್ದರಿಂದ ಅವರಿಬ್ಬರ ವಿಮಾ ಕಾರ್ಡುಗಳು ವಿಳಾಸದಾರರು ಇಲ್ಲ ಎಂಬ ಷರಾದೊಂದಿಗೆ ಹಿಂದಿರುಗಿದವು. ಮನೆ ಮಾಲೀಕರಿಗೆ ಮದುವೆಯ ಮತ್ತು ಮಗಳ ಜನನದ ಪ್ರಮಾಣಪತ್ರ ತೋರಿಸಿ, ಇವರೆಲ್ಲ ಒಂದೇ ಮನೆಯವರು ಎಂದು ಅರ್ಥಮಾಡಿಸಿದ ಮೇಲೆ ಹೊಸ ಚೀಟಿ ಅಂಟಿಸಲು ಒಪ್ಪಿಗೆ ಸಿಕ್ಕಿತು. ಬೆರಳಗಲದ ಗಾಜಿನ ಕಿಂಡಿಯಲ್ಲಿ ಮೂರು ಉದ್ದನೆಯ ಹೆಸರುಗಳು ಹಿಡಿಸದೆ, ಅಕ್ಷರ ಸಣ್ಣದು ಮಾಡಿ ಮೂರು ಸಾಲಾಗಿ ಮುದ್ರಿಸಿ ಕತ್ತರಿಸಿ ತೂರಿಸಿದರಂತೆ.

ಕಾಗದಗಳ ಸರದಿ

ಇವರ ಮದುವೆ ನಡೆದದ್ದು ಪಾಂಡವಪುರದ ಕಲ್ಯಾಣಮಂಟಪವೊಂದರಲ್ಲಿ. ಲಗ್ನಪತ್ರಿಕೆ, ಫೋಟೋ ಆಲ್ಬಂ ಇದ್ದವು, ನೋಂದಣಿ ಇರಲಿಲ್ಲ. ಪತ್ನಿಯ ವೀಸಾಕ್ಕೆ ಉಪನೋಂದಣಾಧಿಕಾರಿ ಕಚೇರಿಯ ವಿವಾಹ ಪ್ರಮಾಣಪತ್ರ ಬೇಕೇಬೇಕು. ಮದುವೆಯಾಗಿ ಹತ್ತು ವರ್ಷದ ಮೇಲೆ ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ಅದನ್ನು ಮಾಡಿಸಿದರು. ಮಗಳ ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿಯ ಹೆಸರಿತ್ತು, ಮಗುವಿನ ಹೆಸರಿನ ಜಾಗ ಖಾಲಿ ಇತ್ತು. ಹೆರಿಗೆಯಾದ ಆಸ್ಪತ್ರೆಯಿಂದ ಜನನ ನೋಂದಣಿಯಾಗುವಾಗ ನಾಮಕರಣ ಆಗಿರುವುದಿಲ್ಲವಾದ್ದರಿಂದ ನಮ್ಮಲ್ಲಿ ಇದು ತೀರಾ ಸಾಮಾನ್ಯ. ಒಂದು ವರ್ಷದ ಒಳಗಾದರೆ ಶುಲ್ಕವಿಲ್ಲದೆ, ಆಮೇಲೆ ಹದಿನೈದು ವರ್ಷದವರೆಗೆ ತಡಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಮಹಾನಗರ ಪಾಲಿಕೆಯಲ್ಲಿ ಆ ಕೆಲಸ ಬೇಗನೆ ಆಯಿತು.

ದುಡ್ಡು ದಂಡವಾದದ್ದು ಇನ್ನೊಂದು ಕಡೆ. ಬೆಂಗಳೂರಿನ ದಲ್ಲಾಳಿಯೊಬ್ಬರು ಎರಡೂ ಪ್ರಮಾಣಪತ್ರಗಳಿಗೆ ಅಪೋಸ್ಟಿಲ್ ಮುದ್ರೆ, ಅಂದರೆ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವಂತೆ ಮಾಡುವ ದೃಢೀಕರಣ, ಹಾಕಿಸಲೇಬೇಕೆಂದು ಹೇಳಿ, ಹಣ ಪಡೆದು, ಹಾಕಿಸಿಯೂ ಕೊಟ್ಟರು. ಭಾರತ 2005ರಲ್ಲಿ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದ್ದು ಹೌದು, ಜರ್ಮನಿಯೂ ಅದರ ಸದಸ್ಯ ದೇಶವೇ. ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಸಲ್ಲಿಸಿದ್ದರಿಂದ ಇವೆರಡು ದೇಶಗಳ ನಡುವೆ ಆ ಮುದ್ರೆಗೆ ಬೆಲೆ ಇಲ್ಲ. ದಾಖಲೆಯ ಬಗ್ಗೆ ಅನುಮಾನ ಬಂದರೆ ಜರ್ಮನಿಯ ಕಚೇರಿಗಳು ತಮ್ಮ ರಾಯಭಾರ ಕಚೇರಿಯ ಮೂಲಕ ಪ್ರತ್ಯೇಕವಾಗಿ ಪರಿಶೀಲನೆ ಮಾಡಿಸಿಕೊಳ್ಳುತ್ತವೆ. ಬೇರೆ ದೇಶಕ್ಕೆ ಹೋದ ನೆಂಟರ ಅನುಭವವನ್ನು ಹಾಗೆಯೇ ಒಪ್ಪಿಕೊಂಡರೆ ಆಗುವ ಖರ್ಚು ಇಂಥದ್ದು. ದುಬೈಗೆ ಸರಿಯಾದದ್ದು ಬರ್ಲಿನ್‌ಗೆ ಸರಿಯಲ್ಲ, ಬರ್ಲಿನ್‌ಗೆ ಸರಿಯಾದದ್ದು ಟೊರಾಂಟೊಗೆ ಸರಿಯಲ್ಲ.

ಉದ್ಯೋಗದ ಕಾಗದಗಳಲ್ಲಿ ತೊಂದರೆ ಆಗಲಿಲ್ಲ. ಪತಿಗೆ ಸಿಕ್ಕಿದ್ದು ಬ್ಲೂ ಕಾರ್ಡ್, ಅಂದರೆ ಪದವೀಧರ ನೌಕರರಿಗೆ ಕೊಡುವ ವಾಸದ ಪರವಾನಗಿ. 2024ರಲ್ಲಿ ಅದಕ್ಕೆ ಬೇಕಾಗಿದ್ದ ಸಾಮಾನ್ಯ ಕನಿಷ್ಠ ವಾರ್ಷಿಕ ಸಂಬಳ 45,300 ಯೂರೋ. ಇದರಲ್ಲಿ ಪತ್ನಿಗೆ ಜರ್ಮನ್ ಭಾಷೆಯ ಪರೀಕ್ಷೆ ಪಾಸು ಮಾಡದೆಯೇ ಜೊತೆಗೂಡುವ ಅವಕಾಶವಿದೆ, ಅಲ್ಲಿ ಕೆಲಸ ಮಾಡುವ ಹಕ್ಕೂ ಇದೆ. ಭಾಷೆ ಕಲಿತವರಿಗೆ ಕಾಯಂ ವಾಸದ ಪರವಾನಗಿ ಬೇಗ ಸಿಗುತ್ತದೆ: ಬಿ1 ಎಂಬ ಮಧ್ಯಮ ಮಟ್ಟಕ್ಕೆ ಮುಟ್ಟಿದವರಿಗೆ 21 ತಿಂಗಳು, ಎ1 ಎಂಬ ಆರಂಭದ ಮಟ್ಟ ಮಾತ್ರ ಇರುವವರಿಗೆ 27 ತಿಂಗಳು. ಪರೀಕ್ಷೆ ಬೇಡವೆಂದ ಮಾತ್ರಕ್ಕೆ ಪತ್ನಿ ಭಾಷೆ ಕಲಿಯದೆ ಹೋದದ್ದು ಸರಿಯಾಗಲಿಲ್ಲವೆಂದು ಅವರೇ ಈಗ ಹೇಳುತ್ತಾರೆ. ಮೈಸೂರಿನಲ್ಲಿದ್ದ ಆ ಮೂರು ತಿಂಗಳಲ್ಲಿ ಸಂಜೆ ಒಂದು ಗಂಟೆ ಕಲಿತಿದ್ದರೂ ಮಗಳ ಶಾಲೆಯ ಚೀಟಿಗಳನ್ನು ಓದಲು ಆಗುತ್ತಿತ್ತು.

ಅಲ್ಲಿಯ ಮೊದಲ ತಿಂಗಳುಗಳು

ಜರ್ಮನಿಯಲ್ಲಿ ಎಲ್ಲಕ್ಕೂ ಮೂಲ ವಿಳಾಸದ ನೋಂದಣಿ, ಅವರ ಭಾಷೆಯಲ್ಲಿ ಆನ್‌ಮೆಲ್ಡುಂಗ್. ಮನೆಗೆ ಹೋದ ಎರಡು ವಾರದ ಒಳಗೆ, ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣದೊಂದಿಗೆ, ಊರಿನ ಪುರಸಭೆಯ ಕಚೇರಿಯಲ್ಲಿ ಇದನ್ನು ಮಾಡಿಸಬೇಕು. ಇದಾದ ಮೇಲೆ ಹನ್ನೊಂದು ಅಂಕಿಗಳ ತೆರಿಗೆ ಗುರುತು ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಆ ಸಂಖ್ಯೆ ಸಿಕ್ಕ ಮೇಲೆ ಸಂಬಳದ ಲೆಕ್ಕ ಸರಿಯಾಗುತ್ತದೆ. ಪತಿ ಮೊದಲು ಇಳಿದುಕೊಂಡ ತಾತ್ಕಾಲಿಕ ಕೊಠಡಿಯ ಮಾಲೀಕರು ದೃಢೀಕರಣ ಕೊಡಲು ಒಪ್ಪಲಿಲ್ಲ. ಹೀಗಾಗಿ ಕಾಯಂ ಮನೆ ಸಿಗುವವರೆಗೆ ಎಲ್ಲವೂ ನಿಂತುಹೋಯಿತು. ತಾತ್ಕಾಲಿಕ ವಸತಿ ಗೊತ್ತುಮಾಡುವಾಗ ಬಾಡಿಗೆ ಎಷ್ಟು ಎಂಬುದಕ್ಕಿಂತ ಮೊದಲು, ನೋಂದಣಿಗೆ ಕಾಗದ ಕೊಡುತ್ತೀರಾ ಎಂದು ಕೇಳಬೇಕಾಗಿತ್ತು.

ಮನೆ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಅಲ್ಲಿ ಬಾಡಿಗೆಯನ್ನು ಎರಡು ಬಗೆಯಲ್ಲಿ ಹೇಳುತ್ತಾರೆ: ಬರೀ ಮನೆಯದ್ದು ಒಂದು, ನೀರು, ಕಸ, ಮನೆ ಬೆಚ್ಚಗಿಡುವ ವೆಚ್ಚ ಮುಂತಾದವನ್ನು ಸೇರಿಸಿದ್ದು ಇನ್ನೊಂದು. ಮುಂಗಡ ಹಣ ಮೊದಲನೆಯ ಲೆಕ್ಕದ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗೆ ಕಾನೂನಿನಲ್ಲೇ ಇದೆ. ಮೈಸೂರಿನಲ್ಲಿ ಹತ್ತು ತಿಂಗಳ ಮುಂಗಡವನ್ನೋ ಲಕ್ಷಗಟ್ಟಲೆ ಭೋಗ್ಯವನ್ನೋ ಕೊಟ್ಟು ಅಭ್ಯಾಸವಿದ್ದ ಪತಿಗೆ ಇದು ಸಮಾಧಾನ ತಂದಿತು. ಅಡುಗೆಮನೆ ನೋಡಿದಾಗ ಆ ಸಮಾಧಾನ ಹೋಯಿತು: ಗೋಡೆಯಲ್ಲಿ ನಲ್ಲಿಯ ಕೊಳವೆ, ಒಲೆಗೆ ಬಿಟ್ಟ ವಿದ್ಯುತ್ ತಂತಿ, ಮತ್ತೇನೂ ಇಲ್ಲ. ಸಿಂಕು, ಒಲೆ, ಕಪಾಟುಗಳನ್ನು ಹಿಂದಿನ ಬಾಡಿಗೆದಾರರು ಕಿತ್ತುಕೊಂಡು ಹೋಗುವುದು ಅಲ್ಲಿ ವಾಡಿಕೆ. ಒಂದು ಸೆಕೆಂಡ್‌ಹ್ಯಾಂಡ್ ಅಡುಗೆಮನೆಯನ್ನು ಕೊಂಡು ಜೋಡಿಸುವವರೆಗೆ ಸ್ನಾನದ ಮನೆಯಲ್ಲೇ ಪಾತ್ರೆ ತೊಳೆದರು.

ಚಿಕ್ಕ ವಿಷಯಗಳು ಇನ್ನೂ ಹಲವು. ಆ ಸೀಮೆಯಲ್ಲಿ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವ ಕೆಲಸ ವಾರಕ್ಕೊಂದು ಮನೆಯ ಸರದಿ. ಸರದಿ ಬಂದ ಮನೆಯ ಬಾಗಿಲಿಗೆ ಒಂದು ಫಲಕ ನೇತುಹಾಕುತ್ತಾರೆ. ಭಾನುವಾರ ಅಂಗಡಿ ಇಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕುವಂತಿಲ್ಲವಾದ್ದರಿಂದ ದೋಸೆ ಹಿಟ್ಟು ರುಬ್ಬುವ ಸಮಯ ಬದಲಾಯಿತು. ನೋಂದಣಿಯಾದ ಕೆಲವೇ ವಾರಕ್ಕೆ ತಿಂಗಳಿಗೆ 18.36 ಯೂರೋ ಕಟ್ಟಿ ಎಂದು ಪತ್ರ ಬಂತು. ಮನೆಯಲ್ಲಿ ಟೀವಿ ಇಲ್ಲ, ಇದು ಮೋಸದ ಪತ್ರ ಎಂದುಕೊಂಡು ಪತಿ ಅದನ್ನು ಪಕ್ಕಕ್ಕಿಟ್ಟರು. ಅದು ಸಾರ್ವಜನಿಕ ಪ್ರಸಾರ ಸಂಸ್ಥೆಗಳಿಗಾಗಿ ಪ್ರತಿ ಮನೆಯೂ ಕಟ್ಟಬೇಕಾದ ಶುಲ್ಕ. ಟೀವಿ ಇದ್ದರೂ ಇಲ್ಲದಿದ್ದರೂ ಬಿಡುವುದಿಲ್ಲ, ತಡವಾದರೆ ದಂಡವೂ ಸೇರುತ್ತದೆ.

ಮಗಳ ಶಾಲೆಗೆ ಸಂಬಂಧಿಸಿದ ಒಂದು ವಿವರವನ್ನು ಮಾತ್ರ ವಿಸ್ತಾರವಾಗಿ ಹೇಳಬೇಕು. ಜರ್ಮನಿಯಲ್ಲಿ 2020ರ ಮಾರ್ಚ್‌ನಿಂದ ಶಾಲೆಗೆ ಸೇರುವ ಮಕ್ಕಳು ದಡಾರದ ಲಸಿಕೆಯ ಎರಡು ಡೋಸು ಪಡೆದಿದ್ದಕ್ಕೆ ಪುರಾವೆ ತೋರಿಸಬೇಕು. ನಮ್ಮಲ್ಲಿ ಆ ಪುರಾವೆ ಇರುವುದು ತಾಯಿ ಕಾರ್ಡಿನಲ್ಲಿ. ಒಂಬತ್ತು ತಿಂಗಳಿಗೆ ಒಂದು, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು ಎಂದು ಆಶಾ ಕಾರ್ಯಕರ್ತೆಯೋ ನರ್ಸೋ ನೀಲಿ ಪೆನ್ನಿನಲ್ಲಿ ತಾರೀಖು ಬರೆದಿರುತ್ತಾರೆ. ಮಗುವಿಗೆ ಎರಡು ವರ್ಷ ದಾಟಿದ ಮೇಲೆ ಆ ಕಾರ್ಡನ್ನು ಯಾರು ಜೋಪಾನ ಮಾಡುತ್ತಾರೆ? ಈ ಮನೆಯಲ್ಲಿ ಅದು ಸಿಕ್ಕಿದ್ದು ಅಜ್ಜಿಯ ಹಳ್ಳಿಯಲ್ಲಿ, ಪಹಣಿ ಮತ್ತು ಕಬ್ಬಿನ ಬಿಲ್ಲುಗಳಿದ್ದ ಟ್ರಂಕಿನ ತಳದಲ್ಲಿ, ಮಡಿಕೆಯ ಉದ್ದಕ್ಕೂ ಹರಿದ ಸ್ಥಿತಿಯಲ್ಲಿ. ಪತ್ನಿ ಆಗ ಮೈಸೂರಿನಲ್ಲೇ ಇದ್ದುದರಿಂದ ಮಗುವನ್ನು ನೋಡುತ್ತಿದ್ದ ಮಕ್ಕಳ ವೈದ್ಯರ ಹತ್ತಿರ ಹೋಗಿ, ಕಾರ್ಡಿನಲ್ಲಿದ್ದ ತಾರೀಖುಗಳನ್ನೆಲ್ಲ ಇಂಗ್ಲಿಷ್‌ನಲ್ಲಿ ಬರೆಸಿ, ಸಹಿ ಮತ್ತು ಮೊಹರು ಹಾಕಿಸಿಕೊಂಡು ಬಂದರು. ಮಗಳನ್ನು ಮೊದಲು ಭಾಷೆ ಕಲಿಸುವ ಪೂರ್ವಸಿದ್ಧತಾ ತರಗತಿಗೆ ಸೇರಿಸಿಕೊಂಡರು; ಗಣಿತ ಮತ್ತು ಆಟದ ಅವಧಿಗೆ ಉಳಿದ ಮಕ್ಕಳ ಜೊತೆ ಕೂರಿಸುತ್ತಾರೆ.

ಆರೋಗ್ಯ ವಿಮೆಯ ವಿಷಯದಲ್ಲಿ ಭಯಪಟ್ಟಷ್ಟು ಕಷ್ಟ ಇರಲಿಲ್ಲ. ಸಂಬಳದ ಶೇ 14.6 ಮತ್ತು ಅದರ ಮೇಲೆ ಸ್ವಲ್ಪ ಹೆಚ್ಚುವರಿ, ಅದರಲ್ಲಿ ಅರ್ಧ ಕಂಪನಿಯದ್ದು, ಅರ್ಧ ನೌಕರನದ್ದು. ಸಂಪಾದನೆ ಇಲ್ಲದ ಪತ್ನಿಗೂ ಮಗಳಿಗೂ ಬೇರೆ ಕಂತಿಲ್ಲ. ವಾಹನ ಚಾಲನೆಯ ವಿಷಯದಲ್ಲಿ ಮಾತ್ರ ಗಡಿಯಾರ ಬೇಗ ಓಡುತ್ತದೆ. ಭಾರತದ ಪರವಾನಗಿ ವಾಸ ಶುರುವಾದ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ, ಆಮೇಲೆ ಬರಹದ ಪರೀಕ್ಷೆ, ಚಾಲನೆಯ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಪತಿ ಫೆಬ್ರುವರಿಯ ನಂತರ ರೈಲಿನಲ್ಲೇ ಓಡಾಡುತ್ತಿದ್ದಾರೆ.

ಇಲ್ಲಿ ಉಳಿದದ್ದು

ಉದ್ಯೋಗಕ್ಕಾಗಿ ದೇಶ ಬಿಟ್ಟ ದಿನದಿಂದಲೇ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಮನುಷ್ಯ ಅನಿವಾಸಿ. ಆತನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಇಲ್ಲಿ ಹುಟ್ಟುವ ಬಾಡಿಗೆ, ಬಡ್ಡಿ, ಬೆಳೆಯ ಹಣ ಅದಕ್ಕೆ ಬರುತ್ತದೆ. ಅಲ್ಲಿ ಗಳಿಸಿ ಕಳಿಸಿದ ಹಣಕ್ಕೆ ಎನ್‌ಆರ್‌ಇ ಖಾತೆ; ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಹಣವನ್ನು ಯಾವಾಗ ಬೇಕಾದರೂ ಹೊರಗೆ ಒಯ್ಯಬಹುದು. ಹಳೆಯ ಪಿಪಿಎಫ್ ಖಾತೆಯನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ವಿಸ್ತರಿಸಲು ಬರುವುದಿಲ್ಲ. ಇಷ್ಟನ್ನು ನಾನು ವಿವರಿಸಿದಾಗ ಇಬ್ಬರೂ ತಲೆಯಾಡಿಸಿದರು, ಪತಿ ಹೊರಡುವ ಮುಂಚೆಯೇ ಅರ್ಜಿಗಳನ್ನು ತುಂಬಿಯೂ ಕೊಟ್ಟರು.

ಆದರೆ ಖಾತೆಗಿಂತ ದೊಡ್ಡ ಪ್ರಶ್ನೆ ಆ ಖಾತೆಗೆ ಜೋಡಿಸಿದ ಫೋನ್ ಸಂಖ್ಯೆಯದು. ಪತಿಯ ಹತ್ತು ಅಂಕಿಯ ಪ್ರೀಪೇಯ್ಡ್ ಸಂಖ್ಯೆಗೆ ಬ್ಯಾಂಕ್, ಆಧಾರ್, ಆದಾಯ ತೆರಿಗೆ, ಭವಿಷ್ಯ ನಿಧಿ, ಮನೆಯ ವಿದ್ಯುತ್ ಬಿಲ್ಲು, ಅಮ್ಮನ ಗ್ಯಾಸ್ ಬುಕ್ಕಿಂಗ್ ಎಲ್ಲವೂ ಜೋಡಣೆಯಾಗಿದ್ದವು. ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸದೆ ಅವರು ವಿಮಾನ ಹತ್ತಿದರು. ಮರುದಿನದಿಂದ ಒಟಿಪಿ ಬರುವುದು ನಿಂತಿತು. ಒಟಿಪಿ ಇಲ್ಲದೆ ಬ್ಯಾಂಕಿನ ಆ್ಯಪ್ ತೆರೆಯುವುದಿಲ್ಲ. ವಿದೇಶಿ ಸಂಖ್ಯೆಯಿಂದ ಯುಪಿಐ ನಡೆಸಲು 2023ರ ಜನವರಿಯಲ್ಲಿ ಅನುಮತಿ ಸಿಕ್ಕಿದ ಹತ್ತು ದೇಶಗಳಲ್ಲಿ ಜರ್ಮನಿ ಇರಲಿಲ್ಲ. ಆಧಾರ್‌ಗೆ ಸಂಖ್ಯೆ ಬದಲಿಸಲು ಆಗ ಖುದ್ದಾಗಿ ಬಂದು ಬೆರಳಿಡಬೇಕಿತ್ತು. ಪ್ರೀಪೇಯ್ಡ್ ಸಂಖ್ಯೆಯನ್ನು 90 ದಿನ ಬಳಸದೆ ಬಿಟ್ಟರೆ ಅದು ಕೈಬಿಟ್ಟುಹೋಗಿ ಇನ್ನೊಬ್ಬರ ಪಾಲಾಗುವ ಭಯ ಬೇರೆ. ನವೆಂಬರ್‌ನಲ್ಲಿ ಹೊರಡಲಿದ್ದ ಪತ್ನಿ ಕಂಪನಿಯ ಅಂಗಡಿಗೆ ಅಲೆದು, ಗಂಡನ ಸಂಖ್ಯೆಯನ್ನು ಪೋಸ್ಟ್‌ಪೇಯ್ಡ್‌ಗೆ ಬದಲಿಸಿ, ರೋಮಿಂಗ್ ಹಾಕಿಸಿದ ಮೇಲೆ ಪ್ರಶ್ನೆ ಬಗೆಹರಿಯಿತು. ವಲಸೆ ಹೋಗುವವರು ನನ್ನನ್ನು ಒಂದೇ ಸಲಹೆ ಕೇಳಿದರೆ, ವಿಮಾನ ಹತ್ತುವ ಒಂದು ತಿಂಗಳು ಮೊದಲು ಇದನ್ನು ಮಾಡಿಸಿ ಎಂದೇ ಹೇಳುತ್ತೇನೆ.

ಮನೆಯನ್ನು ಮಾರುವುದು ಬೇಡ, ಬಾಡಿಗೆಗೆ ಕೊಡುವುದು ಎಂದಾಯಿತು. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ವಿಷಯವೊಂದಿದೆ. ಮಾಲೀಕ ಅನಿವಾಸಿಯಾದರೆ, ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರ ಪ್ರತಿ ತಿಂಗಳೂ ಅದರಿಂದ ಶೇ 30 ತೆರಿಗೆಯನ್ನು, ಅದರ ಮೇಲಿನ ಸೆಸ್ ಸೇರಿಸಿ, ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು, ಮೂರು ತಿಂಗಳಿಗೊಮ್ಮೆ ವಿವರಣೆ ಸಲ್ಲಿಸಬೇಕು. ಮನೆ ನೋಡಲು ಬಂದ ಮೊದಲ ಇಬ್ಬರು ಇದನ್ನು ಕೇಳಿ, "ಅದೆಲ್ಲಾ ನಮ್ಮ ಕೈಲಾಗಲ್ಲ ಸಾರ್" ಎಂದು ಹೊರಟುಹೋದರು. ಮೂರನೆಯವರು ಕಾಲೇಜು ಅಧ್ಯಾಪಕರು, ಒಪ್ಪಿದರು. ಅವರ ಲೆಕ್ಕವನ್ನು ನೋಡಿಕೊಳ್ಳುವ ತೆರಿಗೆ ಸಲಹೆಗಾರರ ಶುಲ್ಕವನ್ನು ಮಾಲೀಕರೇ ಕೊಡುವುದೆಂದು ಕರಾರಾಯಿತು. ಪತಿಯ ಇಲ್ಲಿನ ಒಟ್ಟು ಆದಾಯ ಕಡಿಮೆ ಇರುವುದರಿಂದ, ಕಡಿಮೆ ದರದಲ್ಲಿ ಕಡಿತ ಮಾಡುವಂತೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಲು ಅರ್ಜಿ ಹಾಕಿ ಅದನ್ನೂ ಪಡೆದರು. ಗೃಹಜ್ಯೋತಿ ಯೋಜನೆಗೆ ಜೋಡಿಸಿದ್ದ ಪತಿಯ ಆಧಾರನ್ನು ಮನೆಯ ಆರ್‌ಆರ್ ಸಂಖ್ಯೆಯಿಂದ ಬಿಡಿಸಿ, ಬಾಡಿಗೆದಾರರ ಹೆಸರಿಗೆ ಅವಕಾಶ ಮಾಡಿಕೊಡಲಾಯಿತು. ಮನೆಯ ಉಸ್ತುವಾರಿಗೆ ಪತ್ನಿಯ ತಮ್ಮನ ಹೆಸರಿಗೆ ಅಧಿಕಾರಪತ್ರವನ್ನು ಪತಿ ಹೊರಡುವ ಮೊದಲೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿದರು. ಬಾಡಿಗೆ, ಕಂದಾಯ, ರಿಪೇರಿಗಳಿಗೆ ಮಾತ್ರ ಅಧಿಕಾರ, ಮಾರಾಟಕ್ಕೆ ಇಲ್ಲ. ಬಾಮೈದನಿಗೆ ಮುನಿಸಾದೀತೆಂದು ಪತಿ ಹಿಂಜರಿದರೂ ಪತ್ನಿಯೇ ಈ ಮಿತಿಯನ್ನು ಹಾಕಿಸಿದ್ದು ಒಳ್ಳೆಯದಾಯಿತು.

ಜಮೀನು ಇನ್ನೂ ಜಟಿಲ. ಪತಿಯ ತಂದೆ ತೀರಿಕೊಂಡು ಕೆಲವು ವರ್ಷಗಳಾಗಿದ್ದರೂ ಪಹಣಿ ಅವರ ಹೆಸರಿನಲ್ಲೇ ಇತ್ತು. ಅನಿವಾಸಿಯಾದವನು ಕೃಷಿ ಜಮೀನನ್ನು ಹೊಸದಾಗಿ ಕೊಳ್ಳಲು ಬರುವುದಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಮಾರುವುದಾದರೆ ಭಾರತದ ನಿವಾಸಿ ಪ್ರಜೆಗೆ ಮಾತ್ರ ಮಾರಬಹುದು. ಆದ್ದರಿಂದ ತಾಯಿ, ಮಗ, ಮದುವೆಯಾಗಿ ಮದ್ದೂರಿನಲ್ಲಿರುವ ಅಕ್ಕ, ಮೂವರ ಹೆಸರಿಗೂ ಪೌತಿ ಖಾತೆ, ಅಂದರೆ ತೀರಿಕೊಂಡವರಿಂದ ವಾರಸುದಾರರಿಗೆ ಖಾತೆ ಬದಲಾವಣೆ, ಆಗಬೇಕಿತ್ತು. ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂದಿದ್ದು, ಕೇಂದ್ರದ ಕಾನೂನು 2005ರಲ್ಲಿ ಬಂತು. ಆದರೂ ಊರಿನ ಹಿರಿಯರೊಬ್ಬರು, "ಹೆಣ್ಮಗಳು ಬಿಟ್ಕೊಡ್ತಾಳೆ ಬಿಡಿ" ಎಂದು ವಂಶವೃಕ್ಷದಲ್ಲಿ ಅಕ್ಕನ ಹೆಸರು ಬಿಡಿಸಲು ನೋಡಿದ್ದುಂಟು. ಅಕ್ಕ ಬಿಡಲಿಲ್ಲ, ತಮ್ಮನೂ ಬಿಡಿಸಲಿಲ್ಲ. ಪಹಣಿಯಲ್ಲಿ ತಂದೆಯ ಊರಿನ ಕರೆಹೆಸರು, ಮರಣ ಪ್ರಮಾಣಪತ್ರದಲ್ಲಿ ಪೂರ್ತಿ ಹೆಸರು ಇದ್ದದ್ದರಿಂದ ಎರಡೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಿ, ನಾಡಕಚೇರಿಯಲ್ಲಿ ಅರ್ಜಿ ಕೊಟ್ಟದ್ದು ಆಗಸ್ಟ್ ಮೊದಲ ವಾರದಲ್ಲಿ, ಪತಿ ಹೊರಡಲು ಹದಿನೈದು ದಿನ ಇರುವಾಗ.

ತಾಯಿ

ತಾಯಿಯನ್ನು ಕರೆದೊಯ್ಯುವ ಮಾತು ಮೊದಲಿನಿಂದಲೂ ಇತ್ತು. 2024ರ ಮಾರ್ಚ್ 1ರಿಂದ ಮೊದಲ ಬಾರಿಗೆ ಪರವಾನಗಿ ಪಡೆಯುವ ಕುಶಲ ನೌಕರರು ತಂದೆತಾಯಿಯನ್ನು ಕರೆಸಿಕೊಳ್ಳಲು ಜರ್ಮನಿಯ ಕಾನೂನು ಅವಕಾಶ ಕೊಟ್ಟಿದೆ. ಆದರೆ ಅವರ ಜೀವನವೆಚ್ಚವೂ ಆರೋಗ್ಯ ವಿಮೆಯೂ ಮಗನ ತಲೆಯ ಮೇಲೆ. ಅರವತ್ತು ದಾಟಿದ, ರಕ್ತದೊತ್ತಡ ಸಕ್ಕರೆ ಎರಡೂ ಇರುವವರಿಗೆ ಅಲ್ಲಿ ವಿಮೆ ಸಿಗುವುದೇ ದೊಡ್ಡ ಅಡ್ಡಿ. ಅದಕ್ಕಿಂತ ಮುಖ್ಯವಾಗಿ ತಾಯಿಗೆ ಹೋಗುವ ಮನಸ್ಸಿರಲಿಲ್ಲ. ಅವರು ಕಳಿಸಲು ಸಿದ್ಧಮಾಡಿದ್ದ ಗಂಟಿನಲ್ಲಿ ಮನೆಯ ಬೆಣ್ಣೆ ಕಾಯಿಸಿದ ತುಪ್ಪ, ತೆಂಗಿನಕಾಯಿ, ವೀಳ್ಯದೆಲೆಯ ಕಟ್ಟು, ರಾಗಿ ಹಿಟ್ಟು ಇದ್ದವು. ಯೂರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಪ್ರಯಾಣಿಕರು ಹಾಲಿನ ಉತ್ಪನ್ನ ಒಯ್ಯುವಂತಿಲ್ಲ. ಹಸಿ ಎಲೆ, ಕಾಯಿ, ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದರಿಂದ ವಿನಾಯಿತಿ ಇರುವ ಐದೇ ಹಣ್ಣುಗಳಲ್ಲಿ ಬಾಳೆ ಮತ್ತು ತೆಂಗು ಸೇರಿವೆ. "ತುಪ್ಪ ತಗೊಂಡೋಗಕ್ಕೂ ಅವ್ರಪ್ಪಣೆ ಬೇಕೇನಪ್ಪಾ?" ಎಂದು ಕೇಳಿದ ತಾಯಿ, ಕಾಯಿ ಮತ್ತು ಹಿಟ್ಟು ಹೋಗುತ್ತದೆಂದು ತಿಳಿದು ಅಷ್ಟಕ್ಕೆ ಒಪ್ಪಿದರು.

ಅವರಿಗಾಗಿ ಮಾಡಿದ ವ್ಯವಸ್ಥೆ ಸರಳವಾದದ್ದು. ಅಮ್ಮನ ಸ್ವಂತ ಖಾತೆಗೆ, ಅಮ್ಮನದೇ ಫೋನ್ ಸಂಖ್ಯೆ ಜೋಡಿಸಿ, ಅಕ್ಕನನ್ನು ನಾಮಿನಿ ಮಾಡಲಾಯಿತು. ಮಗ ತಿಂಗಳಿಗೊಮ್ಮೆ ಎನ್‌ಆರ್‌ಇ ಖಾತೆಯಿಂದ ಅದಕ್ಕೆ ಹಣ ಹಾಕುತ್ತಾರೆ. ಗ್ಯಾಸ್ ಸಂಪರ್ಕ ಅವರ ಹೆಸರಿಗೇ ಬಂತು. ತಿಂಗಳ ಮಾತ್ರೆಗಳನ್ನು ಪಾಂಡವಪುರದ ಔಷಧಿ ಅಂಗಡಿಯಿಂದ ತಂದುಕೊಡುವ ಹೊಣೆಯನ್ನು ಜಮೀನು ಗುತ್ತಿಗೆ ಮಾಡುತ್ತಿರುವ ಪಕ್ಕದ ಮನೆಯ ಹುಡುಗ ಹೊತ್ತುಕೊಂಡಿದ್ದಾನೆ. 2025ರ ಬೇಸಿಗೆಗೆ ತಾಯಿ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಅಲ್ಪಾವಧಿಯ ಷೆಂಗೆನ್ ವೀಸಾದಲ್ಲಿ ಹೋಗಿ ಬಂದರು. 180 ದಿನಗಳಲ್ಲಿ 90 ದಿನ ಇರಲು ಬಿಡುವ ಆ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಅವರು ಎರಡು ತಿಂಗಳಿಗೇ ವಾಪಸ್ ಬಂದರು, ಕಾರಣ ಕೇಳಿದರೆ ನಾಲೆಗೆ ನೀರು ಬಿಟ್ಟಿದ್ದಾರೆ ಎಂದರು.

ಪೌತಿ ಖಾತೆಯ ಆದೇಶ ಬಂದು ಪಹಣಿಯಲ್ಲಿ ಮೂವರ ಹೆಸರೂ ಸೇರಿದೆ. ವಿಭಾಗಪತ್ರ ಮಾತ್ರ ಬಾಕಿ ಇದೆ. ಅದಕ್ಕೆ ಪತಿ ಖುದ್ದಾಗಿ ಬರಬೇಕು, ಇಲ್ಲವೇ ಮ್ಯೂನಿಕ್‌ನ ಭಾರತೀಯ ದೂತಾವಾಸದಲ್ಲಿ ಅಧಿಕಾರಪತ್ರಕ್ಕೆ ದೃಢೀಕರಣ ಮಾಡಿಸಿ ಅಂಚೆಯಲ್ಲಿ ಕಳಿಸಿ, ಅದು ಭಾರತ ತಲುಪಿದ ಮೂರು ತಿಂಗಳ ಒಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಮುಂದಿನ ರಜೆಗೆ ತಾನೇ ಬರುವುದಾಗಿ ಪತಿ ಹೇಳಿದ್ದಾರೆ. ಉಪನೋಂದಣಾಧಿಕಾರಿ ಕಚೇರಿಗೆ ಹೋಗುವ ದಿನವನ್ನು ಅಕ್ಕನ ಮನೆಯವರೊಂದಿಗೆ ಗೊತ್ತುಮಾಡಿಕೊಂಡು, ಆಮೇಲೆಯೇ ವಿಮಾನದ ಟಿಕೆಟ್ ತೆಗೆಯುತ್ತಾರಂತೆ.